ಚೆಪಾಕಿನ ಸಂಕ್ರಾಂತಿ ಪಂದ್ಯ

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಉದ್ದನಪಲ್ಲಿಯಲ್ಲಿ ಹುಡುಗರು ಕ್ರಿಕೆಟ್ ಆಡಲು ನಿಂತರೆ ಕನ್ನಡ, ತೆಲುಗು, ತಮಿಳು ಮೂರೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ತಂಡ ಕಟ್ಟುವಾಗ ಯಾರೂ ಮನೆಮಾತು ಯಾವುದೆಂದು ಕೇಳುವುದಿಲ್ಲ. ಚೆನ್ನಾಗಿ ಚೆಂಡೆಸೆಯುವವನು ಯಾರ ಕಡೆಗೆ ಎಂಬುದೊಂದೇ ಜಗಳ. ಇದು ಸಹಜವೆಂದೇ ನಮಗೆ ತೋರುತ್ತದೆ. ಆದರೆ ಹುಟ್ಟನ್ನು ನೋಡಿಯೇ ತಂಡ ಕಟ್ಟುತ್ತಿದ್ದ ಕಾಲವೂ ಒಂದಿತ್ತು. ಅದು ಬಹಳ ದೂರದ ಮಾತಲ್ಲ. ನಮ್ಮ ಅಜ್ಜಂದಿರ ಕಾಲದ ಮಾತು.

ಆಗ ಹೊಸೂರು ಸೇಲಂ ಜಿಲ್ಲೆಗೆ ಸೇರಿತ್ತು. ಕಾಸರಗೋಡು ದಕ್ಷಿಣ ಕನ್ನಡಕ್ಕೆ, ತಲಚೇರಿ ಮಲಬಾರಿಗೆ. ಮೂರಕ್ಕೂ ರಾಜಧಾನಿ ಮದರಾಸು. ಈ ಸಂಚಿಕೆಯನ್ನು ಕನ್ನಡದಲ್ಲಿ ಓದುವವರ ಹಿರಿಯರೂ ಮಲಯಾಳದಲ್ಲಿ ಓದುವವರ ಹಿರಿಯರೂ ಒಂದೇ ಪ್ರಾಂತದ ಪ್ರಜೆಗಳಾಗಿದ್ದರು. ಆ ರಾಜಧಾನಿಯ ಚೆಪಾಕಿನಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುತ್ತಿದ್ದ ಒಂದು ಪಂದ್ಯದ ಕಥೆ ನಮ್ಮೆಲ್ಲರಿಗೂ ಸೇರಿದ್ದು. ಒಂದು ಕಡೆ ಯುರೋಪಿಯನ್ನರು, ಇನ್ನೊಂದು ಕಡೆ ಭಾರತೀಯರು. ತಮಿಳರು ಅದನ್ನು ಪೊಂಗಲ್ ಪಂದ್ಯವೆಂದೇ ಕರೆಯುತ್ತಿದ್ದರು.

ಮದರಾಸ್ ಕ್ರಿಕೆಟ್ ಕ್ಲಬ್ ಹುಟ್ಟಿದ್ದು 1846ರಲ್ಲಿ. ಚೆಪಾಕಿನ ಮೈದಾನ ಅದರ ಕೈಯಲ್ಲಿತ್ತು. ಅದು ಬಿಳಿಯರ ಕ್ಲಬ್ಬು, ನಮ್ಮವರಿಗೆ ಸದಸ್ಯತ್ವವಿರಲಿಲ್ಲ. ಆಡಲು ಹೋದ ಭಾರತೀಯರು ಪೆವಿಲಿಯನ್ನಿನೊಳಗೆ ಕಾಲಿಡದೆ ಮರದಡಿಯಲ್ಲಿ ಬಟ್ಟೆ ಬದಲಿಸಿ, ಅಲ್ಲೇ ಊಟ ಮಾಡಬೇಕಿತ್ತು ಎಂದು ಹೇಳುತ್ತಾರೆ. ಸೋಲು ಗೆಲುವನ್ನಾದರೂ ಸಹಿಸಬಹುದು, ಮರದಡಿಯ ಊಟವನ್ನು ಮನಸ್ಸಿಗೆ ಅರಗಿಸಿಕೊಳ್ಳುವುದು ಕಷ್ಟ.

ಈ ಅವಮಾನಕ್ಕೆ ಉತ್ತರ ಕೊಟ್ಟವರು ಬುಚ್ಚಿಬಾಬು ನಾಯುಡು. ಅವರು ಸಿರಿವಂತ ದುಬಾಷಿ ಮನೆತನದವರು. ಮನಸ್ಸು ಮಾಡಿದ್ದರೆ ದೊರೆಗಳ ಸಲಾಮಿನಲ್ಲೇ ಸುಖವಾಗಿರಬಹುದಿತ್ತು. ಆದರೆ ಅವರು 1888ರಲ್ಲಿ ಮದರಾಸ್ ಯುನೈಟೆಡ್ ಕ್ಲಬ್ ಸ್ಥಾಪಿಸಿ, ಭಾರತೀಯ ಹುಡುಗರನ್ನು ಕೂಡಿಸಿ, ಆಟದ ಸಾಮಾನು ಒದಗಿಸಿ ಅವರನ್ನು ತಯಾರು ಮಾಡಿದರು. ಚೆಪಾಕಿನವರೊಡನೆ ಸಮಸಮನಾಗಿ ಆಡಬೇಕೆಂಬುದು ಅವರ ಹಟ. ಆ ಪಂದ್ಯವನ್ನು ಗೊತ್ತುಮಾಡಿದ 1908ರಲ್ಲೇ, ಅದನ್ನು ಕಣ್ಣಾರೆ ಕಾಣುವ ಮೊದಲೇ, ಅವರು ತೀರಿಕೊಂಡರು. ಅವರು ಹಾಕಿಕೊಟ್ಟ ದಾರಿ ಮಾತ್ರ ಉಳಿಯಿತು. 1915-16ರಿಂದ ಪ್ರಥಮ ದರ್ಜೆಯ ಪಂದ್ಯವೆಂದು ಲೆಕ್ಕಕ್ಕೆ ಬಂದ ಈ ಸ್ಪರ್ಧೆ 1951-52ರವರೆಗೆ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಮೈದಾನದಲ್ಲಿ 'ಯುರೋಪಿಯನ್ನರು' ಎಂಬ ತಂಡ ಇಳಿಯುತ್ತಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬಲಾರರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬಿಳಿಯರ ದರ್ಪ ಮತ್ತು ನಮ್ಮವರ ಕೆಚ್ಚಿನ ಕಥೆಯಾಗಿ ಮುಗಿಯುತ್ತದೆ. ಆದರೆ ಅದೇ ಕಾಲದ ಮುಂಬಯಿಯ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಅಲ್ಲಿ ಯುರೋಪಿಯನ್ನರ ಎದುರು ಮೊದಲು ಪಾರ್ಸಿಗಳು, 1907ರಿಂದ ಹಿಂದೂಗಳು, 1912ರಿಂದ ಮುಸಲ್ಮಾನರು ಬೇರೆ ಬೇರೆ ತಂಡಗಳಾಗಿ ಒಂದೇ ಸ್ಪರ್ಧೆಯಲ್ಲಿ ಆಡಿದರು. 1937ರಲ್ಲಿ ಉಳಿದವರೆಲ್ಲ ಸೇರಿ ಐದನೆಯ ತಂಡವಾಯಿತು. ಮತದ ಹೆಸರಿನಲ್ಲಿ ತಂಡ ಕಟ್ಟುವುದು ಸಲ್ಲದೆಂದು 1940ರಲ್ಲಿ ಗಾಂಧೀಜಿಯವರೇ ಹೇಳಬೇಕಾಯಿತು. ಸ್ಪರ್ಧೆ ನಿಂತದ್ದು 1946ರಲ್ಲಿ.

ಈ ಹಿಂದೂ ತಂಡದ ಅತಿ ದೊಡ್ಡ ಬೌಲರ್ ಪಲ್ವಂಕರ್ ಬಾಳೂ. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಬೆಳೆದದ್ದು ಪುಣೆಯಲ್ಲಿ. ಚರ್ಮದ ಕೆಲಸದ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕಿದ್ದಾಗ ದೊರೆಗಳು ಅವರಿಂದ ಗಂಟೆಗಟ್ಟಲೆ ಚೆಂಡೆಸೆಸಿಕೊಂಡರು, ಬ್ಯಾಟನ್ನು ಮಾತ್ರ ಕೈಗೆ ಕೊಡಲಿಲ್ಲ. ಮುಂದೆ ಅಲ್ಲಿಯ ಹಿಂದೂಗಳು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಆದರೆ ಚಹಾದ ಹೊತ್ತಿಗೆ ಜೊತೆಯ ಆಟಗಾರರು ಒಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆ. ಊಟಕ್ಕೂ ಬೇರೆ ತಟ್ಟೆ. 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿ ದೇಶವೇ ಹಿಗ್ಗುವಂತೆ ಮಾಡಿದರು. ಆ ಗೆಲುವಿನಲ್ಲಿ ಬಾಳೂ ಅವರ ಕೈ ದೊಡ್ಡದು. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವರು ಒಟ್ಟು 114 ವಿಕೆಟ್ ಕಿತ್ತರು. ಆದರೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಅವರ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕನಾಗುವ ಹೊತ್ತಿಗೆ 1923 ಬಂದಿತ್ತು.

ಚೆಪಾಕಿನ ಮರದಡಿಯ ಊಟ, ಪುಣೆಯ ಮಣ್ಣಿನ ಕುಡಿಕೆ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದನ್ನು ಮಾಡಿದವರು ಪರದೇಶದವರು, ಎರಡನೆಯದನ್ನು ಮಾಡಿದವರು ನಮ್ಮವರೇ. ಉಂಡವನಿಗೆ ಎರಡರ ರುಚಿಯೂ ಒಂದೇ. ದೊರೆಗಳ ಬೇಲಿಯನ್ನು ಮುರಿಯಲು ಹೊರಟವರು ತಮ್ಮ ಅಂಗಳದ ಬೇಲಿಯನ್ನು ಹಾಗೆಯೇ ಬಿಟ್ಟುಕೊಂಡಿದ್ದರು. ಈ ಚರಿತ್ರೆಯಲ್ಲಿ ನಾವು ಮರೆಯಬಾರದ ಮಾತು ಇದೇ.

ಬೇಲಿ ಸಡಿಲವಾದದ್ದೂ ಆಟದಿಂದಲೇ. ಮದರಾಸಿನಲ್ಲಿ ಯುರೋಪಿಯನ್ ತಂಡದ ಮುಂದಾಳಾಗಿದ್ದ ಸಿ.ಪಿ. ಜಾನ್‌ಸ್ಟನ್ ಅವರೇ ಎಂ.ಜೆ. ಗೋಪಾಲನ್ ಎಂಬ ಹುಡುಗನ ಪ್ರತಿಭೆಯನ್ನು ಗುರುತಿಸಿ ಬೆಳೆಸಿದರು. 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ರಣಜಿ ಸ್ಪರ್ಧೆಯ ಮೊಟ್ಟಮೊದಲ ಪಂದ್ಯ ನಡೆದಾಗ ಜಾನ್‌ಸ್ಟನ್, ಗೋಪಾಲನ್, ಸಿಖ್ಖರಾದ ಎ.ಜಿ. ರಾಮ್‌ಸಿಂಗ್ ಮೂವರೂ ಮದರಾಸು ಎಂಬ ಒಂದೇ ತಂಡದವರು. ಎದುರಾಳಿ ಮೈಸೂರು! ಮೈಸೂರಿನ ಪರ ಮೊದಲ ಚೆಂಡನ್ನು ಎದುರಿಸಿದವರು ಎನ್. ಕರ್ಟಿಸ್, ಎಸೆದವರು ಗೋಪಾಲನ್. ಬಿಳಿಯ ಹೆಸರು ಕನ್ನಡ ರಾಜ್ಯದ ಕಡೆಗೂ ಇತ್ತು, ತಮಿಳರ ಕಡೆಗೂ ಇತ್ತು. ಮೈಸೂರು 48 ಮತ್ತು 59 ಓಟಗಳಿಗೆ ಮುಗಿಯಿತು. ಮದರಾಸು ಗಳಿಸಿದ 130 ಓಟಗಳೇ ಇನ್ನಿಂಗ್ಸ್ ಗೆಲುವಿಗೆ ಸಾಕಾಯಿತು. ರಾಮ್‌ಸಿಂಗ್ 35 ಓಟ ಕೊಟ್ಟು 11 ವಿಕೆಟ್ ಪಡೆದರು. ಪಂದ್ಯ ಒಂದೇ ದಿನಕ್ಕೆ ಮುಗಿದುಹೋಯಿತು.

ಆ ದಿನ ಹೊಸೂರಿನ ಕನ್ನಡಿಗ ಯಾರ ಕಡೆಗಿರಬೇಕಿತ್ತು? ಮನೆಮಾತು ಮೈಸೂರಿನದು, ಬೆಂಗಳೂರು ನಲವತ್ತು ಕಿಲೋಮೀಟರು. ಕಂದಾಯ ಕಟ್ಟುವುದು ಮದರಾಸಿಗೆ. ನಮ್ಮ ಹುಡುಗನೊಬ್ಬ ಅಂದು ಆಯ್ಕೆಯಾಗಿದ್ದರೆ ಮದರಾಸಿನ ಕಡೆಯೇ ನಿಲ್ಲುತ್ತಿದ್ದ. 1956ರ ನವೆಂಬರ್ 1ರಂದು ಗಡಿಗಳನ್ನು ಹೊಸದಾಗಿ ಎಳೆದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಇದ್ದಲ್ಲೇ ಉಳಿಯಿತು. ಎರಡೂ ಕಡೆಯ ಕನ್ನಡ ಮನೆಗಳು ಅಲ್ಪಸಂಖ್ಯಾತರಾದವು.

ಅಲ್ಪಸಂಖ್ಯಾತರಾದ ನಮಗೆ ಹೊರಗೆ ನಿಲ್ಲಿಸಿಕೊಂಡವರ ನೋವು ಬೇಗ ಅರ್ಥವಾಗುತ್ತದೆ. ಮಗುವಿಗೆ ಕನ್ನಡ ಪಾಠ ಬೇಕೆಂದು ಕೇಳುವಾಗ ಬುಚ್ಚಿಬಾಬುವಿನ ಹಟ ನಮ್ಮದೂ ಆಗುತ್ತದೆ, ಆಗಲಿ. ಅದರ ಜೊತೆಗೇ ನಮ್ಮ ಕೇರಿಯಲ್ಲಿ, ನಮ್ಮ ಮದುವೆಯ ಪಂಕ್ತಿಯಲ್ಲಿ ಯಾರಿಗಾದರೂ ಮಣ್ಣಿನ ಕುಡಿಕೆ ಕೊಟ್ಟಿದ್ದೇವೆಯೇ ಎಂದೂ ಕೇಳಿಕೊಳ್ಳಬೇಕು. ಉದ್ದನಪಲ್ಲಿಯ ಹುಡುಗರು ಮೂರು ಭಾಷೆಯಲ್ಲಿ ಕೂಗಾಡಿ ಆಡಿ, ಬಾಯಾರಿದಾಗ ಒಂದೇ ಬಿಂದಿಗೆಯ ನೀರು ಕುಡಿಯುತ್ತಾರೆ. ಅದು ಹಾಗೆಯೇ ಉಳಿಯುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಕೆಲಸ.