ದಿಲ್ಲಿಗೆ ಕಾಮಾಲೆ ಬಂದ ಚಳಿಗಾಲ

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಎಂಬ ಗಾದೆ ನಮಗೆಲ್ಲ ಗೊತ್ತು. ಗಾದೆ ಸೊಗಸಾಗಿದೆ, ಆದರೆ ವೈದ್ಯರನ್ನು ಕೇಳಿದರೆ ನಗುತ್ತಾರೆ. ರೋಗಿಗೆ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ, ಲೋಕಕ್ಕೆ ಅವನ ಕಣ್ಣು ಹಳದಿಯಾಗಿ ಕಾಣುತ್ತದೆ ಅಷ್ಟೆ! ಇರಲಿ. ಒಂದು ಚಳಿಗಾಲದಲ್ಲಿ ದಿಲ್ಲಿಯ ಸಾವಿರಾರು ಜನರ ಕಣ್ಣು ಒಟ್ಟಿಗೇ ಹೀಗೆ ಹಳದಿಯಾಯಿತು. 1955ರ ಆ ಕಥೆ ಇಲ್ಲಿನ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನನಗೂ ಬಹಳ ವರ್ಷ ಗೊತ್ತಿರಲಿಲ್ಲ, ಓದಿ ತಿಳಿದುಕೊಂಡದ್ದು.

ನಾನಿರುವ ಲಕ್ಷ್ಮೀ ನಗರ ಯಮುನೆಯ ಆಚೆ ದಂಡೆಯಲ್ಲಿದೆ. ಹಳೇ ದಿಲ್ಲಿವಾಲಾಗಳು ನಮ್ಮನ್ನು ಸ್ವಲ್ಪ ಸಸಾರದಿಂದಲೇ 'ಜಮ್ನಾ ಪಾರ್' ಎನ್ನುತ್ತಾರೆ. ಮೆಟ್ರೋದಲ್ಲಿ ಇಂದ್ರಪ್ರಸ್ಥ ನಿಲ್ದಾಣ ಬಿಟ್ಟು ಹೊಳೆ ದಾಟುವಾಗ ಕೆಳಗೆ ಕಾಣುವ ಕಪ್ಪು ನೀರನ್ನು ನೋಡಿ ಊರಿನಿಂದ ಬಂದ ನೆಂಟರು "ಇದೇನಾ ಯಮುನೆ?" ಎಂದು ಕೇಳದೆ ಇರುವುದಿಲ್ಲ. ಈ ಹೊಳೆಗೂ ನಮ್ಮ ಹೊಟ್ಟೆಯ ಬಲಗಡೆ ಪಕ್ಕೆಲುಬಿನ ಕೆಳಗೆ ಕೂತಿರುವ ಯಕೃತ್ತಿಗೂ ಇರುವ ಸಂಬಂಧವೇ ಇವತ್ತಿನ ಕಥೆ.

ಮೊದಲು ಯಕೃತ್ತಿನ ಬಗ್ಗೆ ನಾಲ್ಕು ಮಾತು. ಪಿತ್ತಜನಕಾಂಗ, ಲಿವರ್ ಎಂದರೂ ಇದೇ. ದೊಡ್ಡವರಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ತೂಗುತ್ತದೆ, ದೇಹದೊಳಗಿನ ಅಂಗಗಳಲ್ಲಿ ಅತಿ ದೊಡ್ಡದು. ನಮ್ಮ ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಮುದಿ ಕಣಗಳು ಒಡೆದಾಗ ಅವುಗಳ ಬಣ್ಣದ ಪದಾರ್ಥದಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಮಲದ ಕಂದು ಬಣ್ಣಕ್ಕೆ ಕಾರಣ ಇದೇ. ಯಕೃತ್ತಿಗೆ ಸೋಂಕು ತಗಲಿ ಊದಿಕೊಂಡರೆ ಈ ಸಾಗಾಣಿಕೆ ನಿಲ್ಲುತ್ತದೆ. ಹಳದಿ ವಸ್ತು ರಕ್ತದಲ್ಲೇ ಉಳಿದು ಕಣ್ಣು, ಚರ್ಮಕ್ಕೆ ಹತ್ತುತ್ತದೆ. ಮೂತ್ರ ಗಾಢವಾಗುತ್ತದೆ, ಮಲ ಬಿಳಚುತ್ತದೆ. ಅಂದರೆ ಕಾಮಾಲೆ ತಾನೇ ಒಂದು ರೋಗವಲ್ಲ, ಒಳಗೇನೋ ಕೆಟ್ಟಿದೆ ಎಂಬುದರ ಗುರುತು.

ಈಗ 1955ಕ್ಕೆ ಬರೋಣ. ಆಗ ದಿಲ್ಲಿಗೆ ಕುಡಿಯುವ ನೀರು ಬರುತ್ತಿದ್ದುದು ನಗರದ ಉತ್ತರಕ್ಕೆ ವಜೀರಾಬಾದಿನಲ್ಲಿ ಯಮುನೆಯಿಂದ ಎತ್ತಿ. ಅದಕ್ಕೆ ಸ್ವಲ್ಪ ಕೆಳಗೇ ನಜಫ್‌ಗಢ ನಾಲಾ ಹೊಳೆ ಸೇರುತ್ತದೆ. ಒಂದು ಕಾಲಕ್ಕೆ ಸಾಹಿಬಿ ಎಂಬ ನದಿಯ ಹರಿವಾಗಿದ್ದ ಇದು ಅಷ್ಟರಲ್ಲಿ ನಗರದ ಕೊಳಚೆ ಹೊರುವ ಚರಂಡಿಯಾಗಿತ್ತು. ನೀರೆತ್ತುವ ಜಾಗ ಮೇಲೆ, ಕೊಳಚೆ ಸೇರುವ ಜಾಗ ಕೆಳಗೆ. ಲೆಕ್ಕಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು.

ಆ ವರ್ಷ ಮಳೆಗಾಲದ ಕೊನೆಯಲ್ಲಿ ಉತ್ತರ ಭಾರತದಲ್ಲಿ ಭಾರಿ ನೆರೆ. ನೆರೆ ಇಳಿದಾಗ ಯಮುನೆ ತನ್ನ ಪಾತ್ರ ಬದಲಿಸಿ ಪೂರ್ವಕ್ಕೆ, ಅಂದರೆ ನಮ್ಮ ದಂಡೆಯ ಕಡೆಗೆ ಸರಿದುಬಿಟ್ಟಿತ್ತು. ಪಶ್ಚಿಮದ ದಂಡೆಯಲ್ಲಿದ್ದ ನೀರೆತ್ತುವ ಜಾಗದ ಬಳಿ ಹರಿವು ಸೊರಗಿತು. ನವೆಂಬರ್ ತಿಂಗಳಲ್ಲಿ ನಾಲಾದ ಕೊಳಚೆ ಕೆಳಗೆ ಹೋಗುವ ಬದಲು ಹಿಂದಕ್ಕೆ ಹರಿದು ಅಲ್ಲಿಗೇ ತಲುಪಿತು! ಸುಮಾರು ಒಂದು ವಾರ ದಿಲ್ಲಿಯ ಪಂಪುಗಳು ನದಿ ನೀರಿನ ಜೊತೆ ಕೊಳಚೆಯನ್ನೂ ಎತ್ತಿದವು.

ನೀರು ಸರಬರಾಜಿನವರು ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ನೀರು ಕೆಟ್ಟದ್ದು ಅವರಿಗೆ ತಿಳಿಯಿತು. ಪಟಿಕ ಹೆಚ್ಚಿಸಿದರು, ಕ್ಲೋರಿನ್ ಹೆಚ್ಚಿಸಿದರು. ಊರಿನಲ್ಲಿ ಟೈಫಾಯಿಡ್ ಏರಲಿಲ್ಲ, ಆಮಶಂಕೆ ಏರಲಿಲ್ಲ. ಗಂಡಾಂತರ ಕಳೆಯಿತು ಎಂದು ಯಾರಾದರೂ ಅಂದುಕೊಳ್ಳುವಂಥದ್ದೇ. ಆದರೆ ಡಿಸೆಂಬರ್ ಬಂತು, ಕಾಮಾಲೆಯೂ ಬಂತು. ಜನವರಿ ಮುಗಿಯುವಷ್ಟರಲ್ಲಿ ಅಂದಾಜು 29,300 ಜನರಿಗೆ. 1951ರ ಜನಗಣತಿಯಲ್ಲಿ ಇಡೀ ದಿಲ್ಲಿಯ ಜನಸಂಖ್ಯೆ ಹದಿನೇಳೂವರೆ ಲಕ್ಷದ ಆಸುಪಾಸು ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ. ಆ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು, ವೈರಸ್ಸನ್ನು ಬಿಟ್ಟಿತ್ತು. ಕುಡಿದ ದಿನಕ್ಕೂ ಕಣ್ಣು ಹಳದಿಯಾಗುವ ದಿನಕ್ಕೂ ನಡುವೆ ಐದಾರು ವಾರ. ಅಷ್ಟರಲ್ಲಿ ನಲ್ಲಿಯ ನೀರು ಮತ್ತೆ ಸರಿಹೋಗಿತ್ತು.

ಈ ಪಿಡುಗನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1957ರಲ್ಲಿ ಪ್ರಕಟಿಸಿದವರು ಡಾ. ಆರ್. ವಿಶ್ವನಾಥನ್. ಅದರಲ್ಲಿ ಎರಡು ಸಂಗತಿ ಎದ್ದು ಕಾಣುತ್ತಿದ್ದವು. ಒಂದು, ರೋಗ ಬಂದವರಲ್ಲಿ ಹೆಚ್ಚಿನವರು ಮಕ್ಕಳಲ್ಲ, ಹದಿನೈದರಿಂದ ನಲವತ್ತರ ಒಳಗಿನ ಪ್ರಾಯದವರು. ಇನ್ನೊಂದು ಸಂಕಟದ ವಿಷಯ. ಮಿಕ್ಕವರಲ್ಲಿ ಸಾವು ವಿರಳವಾಗಿದ್ದರೂ ಬಸುರಿಯರಲ್ಲಿ ಅದು ಬಹಳ ಹೆಚ್ಚು. ಯಾಕೆ ಹೀಗೆ ಎಂದು ಆಗ ಯಾರಿಗೂ ಬಗೆಹರಿಯಲಿಲ್ಲ. 'ಸಾಂಕ್ರಾಮಿಕ ಹೆಪಟೈಟಿಸ್' ಎಂಬ ಹೆಸರಿನಲ್ಲಿ ದಿಲ್ಲಿಯ ಕಥೆ ವೈದ್ಯಕೀಯ ಪುಸ್ತಕಗಳನ್ನು ಸೇರಿತು. ಇಂದು ನಾವು 'ಎ' ಎನ್ನುವ ಹೆಪಟೈಟಿಸ್ ನೀರಿನಿಂದ ಹರಡುವುದಕ್ಕೆ ಇದೇ ದೊಡ್ಡ ಉದಾಹರಣೆ ಎಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲೋಕ ನಂಬಿತ್ತು.

ಆ ನಂಬಿಕೆಯಲ್ಲಿ ಒಂದು ತೊಡಕಿತ್ತು. ನಮ್ಮ ದೇಶದಲ್ಲಿ ಆ ಕಾಲದ ಮಕ್ಕಳಿಗೆಲ್ಲ ಸಣ್ಣ ವಯಸ್ಸಿನಲ್ಲೇ 'ಎ' ಸೋಂಕು ತಗಲಿ, ಗೊತ್ತೇ ಆಗದಂತೆ ವಾಸಿಯಾಗಿ, ಜೀವಮಾನವಿಡೀ ರಕ್ಷಣೆ ಸಿಕ್ಕಿರುತ್ತಿತ್ತು. ಹಾಗಾದರೆ ದೊಡ್ಡವರಿಗೇ ಅಷ್ಟು ಸಂಖ್ಯೆಯಲ್ಲಿ ಹೇಗೆ ಬಂತು? ಒಳ್ಳೆಯ ವಿಷಯವೆಂದರೆ ಆ ಚಳಿಗಾಲದ ರೋಗಿಗಳ ರಕ್ತದ ಸೀರಂ ಅನ್ನು ಯಾರೋ ಪುಣ್ಯಾತ್ಮರು ಕೆಡದಂತೆ ತೆಗೆದಿಟ್ಟಿದ್ದರು. ಅಮೆರಿಕದ ವಿಜ್ಞಾನಿಗಳೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರೂ ಸೇರಿ ಅದನ್ನು ಪರೀಕ್ಷಿಸಿ 1980ರಲ್ಲಿ ಹೇಳಿದರು: ದಿಲ್ಲಿಯದು 'ಎ' ಅಲ್ಲ, 'ಬಿ'ಯೂ ಅಲ್ಲ. (ಅಂದ ಹಾಗೆ, 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದ್ದೂ ಪುಣೆಯ ಇದೇ ಸಂಸ್ಥೆ, ಆಗಿನ ಹೆಸರು ಬೇರೆ.) ಅದೇ ವರ್ಷ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರೂ ಕಾಶ್ಮೀರದಲ್ಲಿ 1978ರಲ್ಲಿ ಎದ್ದ ಪಿಡುಗಿನ ಬಗ್ಗೆ ಬರೆದು, ಇದು ಬೇರೆಯೇ ವೈರಸ್ ಇರಬೇಕು ಎಂದರು. ಅಲ್ಲಿಯೂ ಬಸುರಿಯರೇ ಹೆಚ್ಚು ಬಲಿಯಾಗಿದ್ದರು.

ಮುಂದಿನದು ನಂಬಲು ಕಷ್ಟ. ಮಿಖಾಯಿಲ್ ಬಲಯಾನ್ ಎಂಬ ಸೋವಿಯತ್ ವಿಜ್ಞಾನಿ, ಅಫ್ಘಾನಿಸ್ತಾನದಲ್ಲಿ ಕಾಮಾಲೆ ಬಂದ ಸೈನಿಕರ ಮಲದಿಂದ ತೆಗೆದ ಸಾರವನ್ನು ತಾನೇ ಸೇವಿಸಿ, ಕಾಯಿಲೆ ಬಿದ್ದು, ತನ್ನದೇ ಮಲದಲ್ಲಿ ಆ ವೈರಸ್ಸನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು! ಅದು ಪ್ರಕಟವಾದದ್ದು 1983ರಲ್ಲಿ. 1990ರಲ್ಲಿ ವೈರಸ್ಸಿನ ವಂಶವಾಹಿಯ ಗುಟ್ಟು ಬಿಡಿಸಲಾಯಿತು. ಹೆಸರು ಹೆಪಟೈಟಿಸ್ 'ಇ'. ದಿಲ್ಲಿಗೆ 1955ರಲ್ಲಿ ಬಂದದ್ದು ಏನು ಎಂದು ಹೇಳಲು ಲೋಕಕ್ಕೆ ಮೂವತ್ತೈದು ವರ್ಷ ಬೇಕಾಯಿತು.

"ಹಳೇ ಕಥೆ, ಈಗೇಕೆ?" ಎನ್ನುವಿರಾ? ಹೇಳುತ್ತೇನೆ. ಲಕ್ಷ್ಮೀ ನಗರ ಸಿ.ಎ. ಕೋಚಿಂಗ್‌ಗೆ ಹೆಸರುವಾಸಿ. ನಮ್ಮ ಕಡೆಯ ಹುಡುಗ ಹುಡುಗಿಯರೂ ಬರುತ್ತಾರೆ. ಪಿ.ಜಿ.ಯಲ್ಲಿ ವಾಸ, ಟಿಫಿನ್ ಡಬ್ಬಿ ಊಟ, ಸಂಜೆ ಗೋಲ್‌ಗಪ್ಪಾ. ಇವರಲ್ಲಿ ಯಾರಿಗಾದರೂ ಕಣ್ಣು ಹಳದಿಯಾದಾಗ ಊರಿನಿಂದ ಗಾಬರಿಯ ಫೋನು ಬರುತ್ತದೆ. "ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಿ ಸಾರ್", "ಬರೆ ಹಾಕಿಸಲು ಕಳಿಸಿಬಿಡಿ". ಇಲ್ಲಿನ ನೆರೆಯವರು ಪೀಲಿಯಾಗೆ ಮಂತ್ರಿಸುವವನ ವಿಳಾಸ ಕೊಡುತ್ತಾರೆ, ಕಬ್ಬಿನ ರಸ ಕುಡಿಸಿ ಎನ್ನುತ್ತಾರೆ. ಎಲ್ಲವೂ ಗುಣ ಮಾಡಿದಂತೆ ಕಾಣುತ್ತದೆ, ಯಾಕೆಂದರೆ 'ಎ' ಮತ್ತು 'ಇ' ಎರಡೂ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಕೀರ್ತಿ ಮಾತ್ರ ಬರೆಗೆ! ಇನ್ನು ಗಾಡಿಯ ಕಬ್ಬಿನ ರಸಕ್ಕೆ ಹಾಕುವ ಐಸ್ ಯಾವ ನೀರಿನದು ಎಂದು ಕೇಳುವವರು ಯಾರು?

ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಎಸ್‌ಜಿಪಿಟಿ ಜೊತೆಗೆ ಯಾವ ವೈರಸ್ ಎಂಬುದನ್ನೂ ನೋಡಿಸಬೇಕು. 'ಬಿ' ಮತ್ತು 'ಸಿ' ಬಂದರೆ ದಾರಿಯೇ ಬೇರೆ, ಅವು ವರ್ಷಗಟ್ಟಲೆ ಉಳಿದು ಯಕೃತ್ತನ್ನು ಸವೆಸಬಲ್ಲವು. ಮದ್ಯ ಮುಟ್ಟಬಾರದು, ವೈದ್ಯರನ್ನು ಕೇಳದೆ ಜ್ವರದ ಮಾತ್ರೆಯನ್ನೂ ನುಂಗಬಾರದು. ಮಂಪರು, ಮಾತಿನಲ್ಲಿ ತಡಬಡ, ರಕ್ತಸ್ರಾವ ಕಂಡರೆ ಅರ್ಧ ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಬಸುರಿ ಇದ್ದರೆ ಎರಡು ಪಟ್ಟು ಎಚ್ಚರ. ಕೊನೆಯ ಮೂರು ತಿಂಗಳಲ್ಲಿ 'ಇ' ತಗಲಿದರೆ ನೂರಕ್ಕೆ 20ರಿಂದ 25 ಜನ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಲಸಿಕೆಯೊಂದು 2011ರಲ್ಲಿ ಚೀನಾದಲ್ಲಿ ಒಪ್ಪಿಗೆ ಪಡೆಯಿತು. ನಮ್ಮ ಅಡುಗೆಮನೆಗಳಲ್ಲಿ ಈಗಲೂ ನೆಚ್ಚಬಹುದಾದದ್ದು ಕೊತಕೊತ ಕುದಿಸಿ ಆರಿಸಿದ ನೀರು.

1959ರಲ್ಲಿ ವಜೀರಾಬಾದಿನಲ್ಲಿ ಬ್ಯಾರೇಜ್ ಕಟ್ಟಿದರು. ಈಗ ಕುಡಿಯುವ ನೀರು ಅದರ ಮೇಲಿನಿಂದ, ನಜಫ್‌ಗಢ ನಾಲಾ ಅದರ ಕೆಳಗೆ. ಆದರೆ ಬ್ಯಾರೇಜ್ ಕಾಯುವುದು ನದಿಯನ್ನು ಮಾತ್ರ. ನಮ್ಮ ಗಲ್ಲಿಗಳಲ್ಲಿ ಕುಡಿಯುವ ನೀರಿನ ಪೈಪು ಮೋರಿಯ ಪಕ್ಕದಲ್ಲೇ, ಕೆಲವು ಕಡೆ ಮೋರಿಯೊಳಗೇ ಹಾದುಹೋಗುತ್ತದೆ. ನೀರು ನಿಂತ ಹೊತ್ತಿನಲ್ಲಿ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಬಿರುಕಿನಿಂದ ಮೋರಿಯ ನೀರು ಒಳಗೆ ನುಗ್ಗುತ್ತದೆ. ನವೆಂಬರ್ 1955ರಲ್ಲಿ ಹೊಳೆಯಲ್ಲಿ ಆದದ್ದು ಹೀಗೆ ಗಲ್ಲಿಯಲ್ಲಿ ಪುಟ್ಟದಾಗಿ ಆಗುತ್ತಲೇ ಇರುತ್ತದೆ. ಕೊಡಕ್ಕೆ ಮೊದಲು ಬೀಳುವ ನೀರಿಗೆ ವಾಸನೆಯಿದ್ದರೆ ಚೆಲ್ಲಿ ಸುಮ್ಮನಾಗಬೇಡಿ, ಗಲ್ಲಿಯ ನಾಲ್ಕು ಮನೆಯವರು ಸೇರಿ ಜಲ ಬೋರ್ಡಿಗೆ ದೂರು ಕೊಡಿ.

ಕರೋಲ್ ಬಾಗ್, ಲೋಧಿ ಕಾಲೊನಿಗಳಲ್ಲಿ ಆ ಕಾಲಕ್ಕೇ ಸಂಸಾರ ಹೂಡಿದ್ದ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಆ ಚಳಿಗಾಲದ ಬಗ್ಗೆ ನಿಮ್ಮ ಮನೆಯಲ್ಲಿ ಏನಾದರೂ ಮಾತು ಉಳಿದಿದೆಯೇ? ಹಿರಿಯರನ್ನು ಕೇಳಿ ನೋಡಿ, ತಿಳಿದದ್ದನ್ನು ಬರೆದು ಕಳಿಸಿ. ಅವರಿರುವಾಗಲೇ ಕೇಳಿಬಿಡಿ.