ಮನೆಯವರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ಮಾಗಡಿ ಕಡೆಯ ರೈತ "ದುಡ್ಡು ನಮ್ಮನೆಯೋರ ಖಾತೆಗೆ ಹಾಕ್ಬುಡಿ" ಎಂದರೆ ಅದು ಹೆಂಡತಿಯ ಖಾತೆ. ಅದೇ ಹೆಂಡತಿ ಚನ್ನಪಟ್ಟಣದ ಬಸ್ಸಿನಲ್ಲಿ "ನಮ್ಮನೆಯೋರು ಗೂಡು ತಕ್ಕೊಂಡು ಹೋಗವ್ರೆ" ಎಂದರೆ ಗಂಡ. ಗಂಡನ ಹೆಸರು ಹೇಳಬಾರದೆಂಬ ಸಂಕೋಚಕ್ಕೆ ಹುಟ್ಟಿದ ಮಾತಿರಬೇಕು. ಸಂಕೋಚ ಸವೆದರೂ ಮಾತು ಉಳಿದಿದೆ. ಬಹುವಚನದ ಮರ್ಯಾದೆ ಕೊಟ್ಟ ಮೇಲೆ ಗಂಡೋ ಹೆಣ್ಣೋ ಎಂಬ ತಕರಾರೇ ಇಲ್ಲ.

ಕಾನೂನಿಗೆ ಅದು ಅಷ್ಟು ಸಲೀಸಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು ಎನ್ನುತ್ತದೆ. ಸಲಿಂಗ ಜೋಡಿಗಳ ಮದುವೆಯನ್ನೂ ಒಪ್ಪಿ ಎಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯೂ ಒಬ್ಬರು. 2023ರ ಅಕ್ಟೋಬರ್ 17ರಂದು ಐವರ ಪೀಠ, ಅದು ಶಾಸನಸಭೆಯ ಕೆಲಸ ಎಂದು ಕೈಬಿಟ್ಟಿತು. ಮದುವೆಯಲ್ಲದಿದ್ದರೂ ಜೊತೆಬಾಳಿಗೆ ಮಾನ್ಯತೆ ಬೇಕೆಂದವರು ನ್ಯಾಯಮೂರ್ತಿಗಳಾದ ಚಂದ್ರಚೂಡ್ ಮತ್ತು ಕೌಲ್, ಇಬ್ಬರೇ. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ತಮಾಷೆಯೆಂದರೆ, 2024ರಲ್ಲಿ ಕೇಂದ್ರ ಸರ್ಕಾರವೇ ಇಂಥ ಸಂಗಾತಿಗಳನ್ನು ಪಡಿತರ ಚೀಟಿಯ ಮಟ್ಟಿಗೆ ಒಂದೇ ಮನೆಯವರೆಂದು ಎಣಿಸಿ ಎಂದು ರಾಜ್ಯಗಳಿಗೆ ತಿಳಿಸಿತು. ಜಂಟಿ ಬ್ಯಾಂಕ್ ಖಾತೆಗೂ ಅಡ್ಡಿಯಿಲ್ಲವಂತೆ. ಸೊಸೈಟಿ ಅಕ್ಕಿಯ ಮುಂದೆ ಮನೆಯವರು, ಸಬ್ ರಿಜಿಸ್ಟ್ರಾರ್ ಮುಂದೆ ಯಾರೋ ಇಬ್ಬರು.

ಬಿಡದಿಯ ಕಾರ್ಖಾನೆ ಕೆಲಸಕ್ಕೆ ಬಂದ ಇಬ್ಬರು ಹುಡುಗಿಯರಿಗೆ ಬಾಡಿಗೆ ಮನೆ ಸುಲಭವಾಗಿಯೇ ಸಿಗುತ್ತದೆ. "ಮನೆಯವರು ಎಲ್ಲಿದಾರಮ್ಮ?" ಎಂದು ಓನರು ಕೇಳುವುದು ಅಪ್ಪ-ಅಮ್ಮನನ್ನು. ಹತ್ತು ವರ್ಷ ಒಂದೇ ಒಲೆಯಲ್ಲಿ ಮುದ್ದೆ ತೊಳಸಿರಲಿ, ಒಬ್ಬಳು ಆಸ್ಪತ್ರೆ ಸೇರಿದ ರಾತ್ರಿ "ಆಪರೇಷನ್‌ಗೆ ಸೈನ್ ಹಾಕ್ಬೇಕು, ಮನೆಯವರು ಯಾರಿದೀರಾ?" ಎಂದು ನರ್ಸ್ ಕೂಗಿದಾಗ ಇನ್ನೊಬ್ಬಳು "ನಾನು" ಎಂದರೆ ಸಾಲದು. ಸಹಿಗೂ ಆಸ್ತಿಗೂ ಮನೆಯವರೆಂದರೆ, ಎಂದೋ ಮಾತು ಬಿಟ್ಟು ಕನಕಪುರದಲ್ಲಿರುವ ಅಣ್ಣ. ಮಗಳು ಕಾಣೆಯಾಗಿದ್ದಾಳೆಂದು ಠಾಣೆಗೆ ದೂರು ಕೊಟ್ಟು ಎಳೆದೊಯ್ಯಲು ಬರುವವರೂ ಇದೇ ಮನೆಯವರೇ.

ಮದುವೆಯೆಂಬ ಹೆಸರು ಯಾಕೆ, ಹಕ್ಕು ಕೊಟ್ಟರೆ ಸಾಲದೇ ಎನ್ನುವವರಿದ್ದಾರೆ. ಅವರು ನಮ್ಮ ಕಡೆಯ ಮಾತು ಕೇಳಿಸಿಕೊಂಡಿಲ್ಲ. ಚಪ್ಪರ ಹಾಕಿ ಬೀಗರೂಟ ಬಡಿಸಿದರೆ "ಕಟ್ಕೊಂಡವ್ನೆ". ಹಾಗೇ ಕೂಡಿಕೊಂಡರೆ "ಇಟ್ಕೊಂಡವ್ನೆ". ಇಟ್ಟುಕೊಂಡವಳು ಎಷ್ಟು ವರ್ಷ ಜೊತೆಗಿದ್ದರೂ ಅವಳನ್ನು "ನಮ್ಮನೆಯೋರು" ಎಂದು ನಾಲ್ಕು ಜನರ ಮುಂದೆ ಹೇಳಿದವನನ್ನು ನಾನಂತೂ ಕಂಡಿಲ್ಲ.