ಪಟ್ಟಿಯಲ್ಲಿಲ್ಲದ ದ್ರಾವಕ: ಮುದ್ರಣೋದ್ಯಮದ ಸುರಕ್ಷತಾ ಮಾನದಂಡಗಳ ಒಂದು ಕೊರತೆ

ಮುದ್ರಣಾಲಯದ ಅಪಾಯ ಎಂದರೆ ರೋಲರುಗಳ ನಡುವೆ ಸಿಕ್ಕುವ ಕೈ ಎಂಬುದೇ ರೂಢಿಯ ತಿಳಿವಳಿಕೆ. ನಮ್ಮ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಯಂತ್ರಕ್ಕೆ ತಡೆ ಹಾಕಲು ಹೇಳುತ್ತಿತ್ತು. ಮುದ್ರಣ ಯಂತ್ರಗಳ ಸುರಕ್ಷತೆಗೆಂದೇ ಐಎಸ್‌ಒ 12643 ಸರಣಿಯಿದೆ. ಆದರೆ ಉಸಿರಿನ ಮೂಲಕ ಬರುವ ಅಪಾಯ ತಪ್ಪಿಸಿಕೊಂಡು ಹೋಗಲು ನಿಯಮಗಳು ಹೇಗೆ ಬಿಡುತ್ತವೆ ಎನ್ನುವುದಕ್ಕೆ ಜಪಾನಿನ ಒಸಾಕಾ ಪ್ರಕರಣವನ್ನು ನೋಡಬೇಕು.

2012ರಲ್ಲಿ ಅಲ್ಲಿನ ಒಂದು ಆಫ್‌ಸೆಟ್ ಪ್ರೂಫ್ ಮುದ್ರಣಾಲಯದಲ್ಲಿ ದುಡಿದವರಿಗೆ ಪಿತ್ತನಾಳದ ಕ್ಯಾನ್ಸರ್ ಬಂದಿರುವುದು ಬೆಳಕಿಗೆ ಬಂತು. ಇದು ಹೆಚ್ಚಾಗಿ ವಯಸ್ಸಾದವರಿಗೆ ಬರುವ, ಅಪರೂಪದ ಕಾಯಿಲೆ. ಮೊದಲ ಅಧ್ಯಯನ ಗುರುತಿಸಿದ 11 ಮಂದಿಗಾದರೋ ರೋಗ ಪತ್ತೆಯಾದಾಗ 25ರಿಂದ 45ರೊಳಗಿನ ಪ್ರಾಯ. ಕಾರಣ ಕೆಲಸದ ಸ್ವರೂಪದಲ್ಲೇ ಇತ್ತು. ಪ್ರೂಫ್ ಎಂದರೆ ಬಣ್ಣ ಒಪ್ಪಿಸಲು ತೆಗೆಯುವ ಕೆಲವೇ ಪ್ರತಿ. ಅಷ್ಟು ತೆಗೆದು ಬಣ್ಣ ಬದಲಿಸಬೇಕು. ಬದಲಿಸುವಾಗಲೆಲ್ಲ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಬ್ಲಾಂಕೆಟ್ (ಇಂಕನ್ನು ಕಾಗದಕ್ಕೆ ದಾಟಿಸುವ ರಬ್ಬರ್ ಹಾಳೆ) ಒರೆಸಬೇಕು. ಸಾವಿರಾರು ಪ್ರತಿ ಒಂದೇ ಸಮನೆ ಓಡಿಸುವ ಯಂತ್ರದವನಿಗಿಂತ ಪ್ರೂಫ್ ತೆಗೆಯುವವನು ಎಷ್ಟೋ ಪಟ್ಟು ಹೆಚ್ಚು ಸಲ ಆ ಆವಿಗೆ ಮುಖ ಒಡ್ಡುತ್ತಾನೆ. ಕೋಣೆಯಲ್ಲಿ ಗಾಳಿಯಾಡುತ್ತಿದ್ದುದೂ ಅಷ್ಟಕ್ಕಷ್ಟೆ.

ಆ ದ್ರಾವಕದಲ್ಲಿದ್ದದ್ದು 1,2-ಡೈಕ್ಲೋರೋಪ್ರೊಪೇನ್. ಮೊದಲು ಅದರ ಜೊತೆಗೆ ಬಳಸುತ್ತಿದ್ದ ಡೈಕ್ಲೋರೋಮೀಥೇನ್ ಜಪಾನಿನ ಸಾವಯವ ದ್ರಾವಕ ನಿಯಮಗಳ ಪಟ್ಟಿಯಲ್ಲಿತ್ತು, ಡೈಕ್ಲೋರೋಪ್ರೊಪೇನ್ ಇರಲಿಲ್ಲ. 2013ರಲ್ಲಿ ಜಪಾನ್ ಅದನ್ನು ಕಟ್ಟುನಿಟ್ಟಿನ ನಿಯಂತ್ರಣಕ್ಕೆ ತಂದಿತು, 2014ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅಷ್ಟರಲ್ಲಿ ಹಲವರು ತೀರಿಕೊಂಡಿದ್ದರು. ವಿಷಗಳ ಹೆಸರು ಹೇಳಿ ನಿಷೇಧಿಸುವ ಮಾನದಂಡ, ಹೆಸರು ಹೇಳದ ವಿಷದತ್ತ ಉದ್ಯಮವನ್ನು ತಾನೇ ತಳ್ಳಬಲ್ಲದು. ಆದ್ದರಿಂದ ಮಾನದಂಡ ಹಿಡಿಯಬೇಕಾದದ್ದು ಒರೆಸುವ ಕೆಲಸವನ್ನು: ಆವಿಯನ್ನು ಬ್ಲಾಂಕೆಟ್‌ನ ಬಳಿಯೇ ಹೀರಿ ಹೊರಹಾಕುವ ವ್ಯವಸ್ಥೆ, ಕೋಣೆಯ ಗಾಳಿಯ ಅಳತೆ, ವಿಷಗುಣ ಪರೀಕ್ಷೆಯಾಗದ ದ್ರಾವಕವನ್ನೂ ಅಪಾಯಕಾರಿ ಎಂದೇ ಎಣಿಸುವ ಕ್ರಮ.

ಬಣ್ಣದ ವಿಷಯದಲ್ಲಿ ಈ ಉದ್ಯಮ ಎಷ್ಟು ನಿಷ್ಠುರ! ಐಎಸ್‌ಒ 12647 ಬಣ್ಣದ ವ್ಯತ್ಯಾಸಕ್ಕೂ ಅಂಕಿಯಲ್ಲಿ ಮಿತಿ ಹಾಕಿದೆ. ಭಾರತದಲ್ಲಿ ಆಹಾರದ ಪೊಟ್ಟಣದ ಇಂಕಿಗೆ ಐಎಸ್ 15495 ಇದೆ, ಅದರ ಗಮನ ತಿನ್ನುವವರ ಮೇಲೆ, ಬ್ಲಾಂಕೆಟ್ ಒರೆಸುವವರ ಮೇಲಲ್ಲ.

ಇಲ್ಲಿ ಇನ್ನೊಂದು ತೊಡಕುಂಟು. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಲು 1948ರ ಕಾಯ್ದೆಯಂತೆ 10 ಕೆಲಸಗಾರರು ಸಾಕಿತ್ತು; 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದೆರಡು ಯಂತ್ರದ ಪ್ರೆಸ್ಸುಗಳಂಥವು ಈ ಲೆಕ್ಕದ ಹೊರಗೇ ಉಳಿಯುತ್ತವೆ. ಇನ್ಸ್‌ಪೆಕ್ಟರ್ ಹೋಗದ ಕೋಣೆಗೂ ಬ್ಲಾಂಕೆಟ್ ಒರೆಸುವ ದ್ರಾವಕದ ಕ್ಯಾನ್ ಹೋಗುತ್ತದೆ. ಅದರಲ್ಲಿ ಏನೇನಿದೆ ಎಂಬುದನ್ನು ಕನ್ನಡದಲ್ಲಿ ಕ್ಯಾನಿನ ಮೇಲೆಯೇ ಅಚ್ಚು ಹಾಕುವ ಹೊಣೆಯನ್ನು ತಯಾರಕರ ಮೇಲೆ, ಅಚ್ಚಿಲ್ಲದ್ದನ್ನು ಮಾರದಿರುವ ಹೊಣೆಯನ್ನು ಅಂಗಡಿಯವರ ಮೇಲೆ ಹೊರಿಸಬೇಕು.